ಯಜಮಾನಿಯ ಮೊದಲ ರಕ್ತ

ಫೆಬ್ರವರಿ ೩, ಮಂಗಳವಾರ

ಹಳೆಯ ಫ್ರೀಜರ್ ಮತ್ತೆ ಗೋಳಿಡಲು ಶುರುಮಾಡಿದೆ. ದುರಸ್ತಿಯವನು ಬಂದು, ಹಿಂದೆ ಬಗ್ಗಿ ನೋಡಿ, ಇದರ ಆಯಸ್ಸು ಮುಗಿಯಿತು ಮೇಡಂ ಎಂದು ಹೇಳಿ ಹೋದ. ಹೊಸದು ಬರುವಷ್ಟರಲ್ಲಿ ಒಳಗಿರುವುದನ್ನೆಲ್ಲ ತೆಗೆದು, ಬೇಕಾದ್ದು ಬೇಡದ್ದು ವಿಂಗಡಿಸಬೇಕು. ಆ ಕೆಲಸ ಯಾರ ತಲೆಗೆ ಬರುತ್ತದೆಂದು ಕೇಳುವುದೇ ಬೇಡ. ಈ ಲ್ಯಾಬಿನಲ್ಲಿ ಎಲ್ಲರಿಗೂ ನಾನು ಅಕ್ಕ. ಅಕ್ಕ ಎಂದಮೇಲೆ ತೊಳೆಯುವುದು, ಒರೆಸುವುದು, ಬೈಸಿಕೊಳ್ಳುವುದು ಎಲ್ಲ ಜೊತೆಗೇ ಬಂತು.

ಸಂಜೆ ಅತ್ತೆ ಕೇಳಿದರು, ಇಷ್ಟು ವರ್ಷವಾಯಿತು, ನೀನು ಅಲ್ಲಿ ಮಾಡುವುದೇನು ಎಂದು ನನಗಿನ್ನೂ ತಿಳಿದಿಲ್ಲವಲ್ಲ ಎಂದು. ಇಲಿಯ ಮೂಗಿನೊಳಗೆ ಲಕ್ಷಗಟ್ಟಲೆ ಪುಟ್ಟ ಕೋಶಗಳಿವೆ, ಒಂದೊಂದರ ಮೈಮೇಲೂ ವಾಸನೆ ಹಿಡಿಯುವ ಒಂದೊಂದು ಬಗೆಯ ಪ್ರೋಟೀನು ಇರುತ್ತದೆ, ಅದಕ್ಕೆ ಗ್ರಾಹಕ ಎನ್ನುತ್ತಾರೆ, ಯಾವ ಕೋಶದ ಮೇಲೆ ಯಾವುದಿದೆ ಎಂದು ಹುಡುಕುತ್ತೇವೆ ಎಂದೆ. ಕಣ್ಣಿಗೆ ಕಾಣದ್ದನ್ನು ಹೇಗೆ ಹುಡುಕುತ್ತೀರಿ ಎಂದರು. ಆ ಪ್ರೋಟೀನಿನ ಒಂದು ಚೂರನ್ನು ಮೊಲಕ್ಕೆ ಚುಚ್ಚುತ್ತೇವೆ. ಇದ್ಯಾವುದೋ ಹೊರಗಿನದು ಎಂದು ಮೊಲದ ಮೈ ಅದನ್ನು ಹಿಡಿಯಲು ಪ್ರತಿಕಾಯ ಮಾಡಿಕೊಳ್ಳುತ್ತದೆ, ನಾವು ಆಂಟಿಬಾಡಿ ಎನ್ನುವುದು ಅದನ್ನೇ. ಆ ರಕ್ತದ ತಿಳಿ, ಅಂದರೆ ಸೀರಮ್, ತೆಗೆದು ಇಲಿಯ ಮೂಗಿನ ತೆಳು ಚೂರಿನ ಮೇಲೆ ಹಾಕಿದರೆ ಸರಿಯಾದ ಕೋಶಕ್ಕೇ ಹೋಗಿ ಅಂಟುತ್ತದೆ. ಮೇಲೆ ಬಣ್ಣ ಕೂರಿಸಿದರೆ ಮೈಕ್ರೋಸ್ಕೋಪಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಅತ್ತೆ ಎಲ್ಲವನ್ನೂ ಕೇಳಿ, ಪಾಪದ ಮೊಲ ಎಂದರು.

ಪಾಪದ್ದೇನಲ್ಲ ಅದು. ಬೋನಿಗೆ ಕೈ ಹಾಕಿದವರನ್ನೆಲ್ಲ ಒದೆಯುತ್ತಿತ್ತು, ಅದಕ್ಕೇ ಯಜಮಾನಿ ಎಂದು ನಾನೇ ಹೆಸರಿಟ್ಟದ್ದು. ವಾಸನೆಯ ಗ್ರಾಹಕಕ್ಕೆ ಒಳ್ಳೆಯ ಆಂಟಿಬಾಡಿ ಸಿಗುವುದೇ ಕಷ್ಟ. ಎಷ್ಟೋ ಮೊಲಗಳ ರಕ್ತ ಕತ್ತಲಾಗಿಯೇ ಉಳಿಯಿತು, ಯಜಮಾನಿಯದು ಮಾತ್ರ ಹೊಳೆಯಿತು. ಅದು ಸತ್ತು ವರ್ಷಗಳಾದರೂ ಅದರ ಸೀರಮ್ಮಿನ ಮೇಲೇ ನಮ್ಮ ಲ್ಯಾಬು ನಿಂತಿದೆ. ದೂರದ ಎಷ್ಟೋ ಲ್ಯಾಬುಗಳಿಗೂ ನನ್ನ ಕೈಯಿಂದಲೇ ಹೋಗಿದೆ. ನನಗೆ ದೊಡ್ಡ ಪದವಿ ಇಲ್ಲ, ಆದರೆ ಯಜಮಾನಿಯ ಸೀರಮ್ ಎಂದರೆ ನನ್ನ ಸೀರಮ್.

ಫೆಬ್ರವರಿ ೫, ಗುರುವಾರ

ಇರುವೆ ಇವತ್ತು ಮತ್ತೆ ಬಂದು ಎದುರಿಗೆ ನಿಂತಳು. ಸಂಶೋಧನೆಗೆ ಸೇರಿ ಮೂರನೆಯ ವರ್ಷದ ಹುಡುಗಿ, ಕೂತಲ್ಲಿ ಕೂರುವವಳಲ್ಲ, ಏನಾದರೊಂದನ್ನು ಹೊತ್ತುಕೊಂಡು ಗೋಡೆಯಂಚಿನಲ್ಲೇ ಓಡಾಡುತ್ತಿರುತ್ತಾಳೆ. ಹಾಗಾಗಿ ಇರುವೆ. ಈ ಹೆಸರಿಗೆ ಅವಳು ನಗುತ್ತಾಳೆಯೇ ಹೊರತು ಮುನಿಸಿಕೊಂಡಿಲ್ಲ.

ಅವಳ ಗೋಳು ಇದು. ಕೋಶ ಒಂದು ಪ್ರೋಟೀನು ಮಾಡುವ ಮೊದಲು ಅದರದೊಂದು ನಕಲು ಚೀಟಿ ಬರೆದುಕೊಳ್ಳುತ್ತದೆ. ಇರುವೆ ಆ ಚೀಟಿಯನ್ನೇ ಹುಡುಕಿ ಕೆಂಪು ಬಣ್ಣ ಕೂರಿಸುತ್ತಾಳೆ. ಚೀಟಿ ಇದ್ದಲ್ಲಿ ಪ್ರೋಟೀನೂ ಇರಬೇಕು, ಹಾಗಾಗಿ ಅವಳ ಕೆಂಪಿನ ಮೇಲೆ ಯಜಮಾನಿಯ ಹಸಿರು ಬಂದು ಕೂರಬೇಕು. ಅವಳ ಸ್ಲೈಡುಗಳಲ್ಲಿ ಕೂರುತ್ತಿಲ್ಲ. ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ, ಮಾತು ಬಿಟ್ಟ ಗಂಡ ಹೆಂಡಿರ ಹಾಗೆ. ಒಂದು ವರ್ಷದಿಂದ ಇದೇ ಕಥೆ.

ಮೇಷ್ಟ್ರಿಗೆ ತಾಳ್ಮೆ ಮುಗಿದಿದೆ. ಲ್ಯಾಬಿನ ಮುಖ್ಯಸ್ಥರು ಅವರು, ಸಿಟ್ಟು ಮೂಗಿನ ತುದಿಯಲ್ಲೇ. ಆ ಹುಡುಗಿಗೆ ಈ ಕೆಲಸದ ಕೈ ಇಲ್ಲ ಎಂದು ಎಲ್ಲರೆದುರೇ ಅಂದುಬಿಟ್ಟರು. ಈ ತಿಂಗಳು ೨೭ಕ್ಕೆ ಸಮಿತಿ ಕೂರುತ್ತದೆ, ಅವಳನ್ನು ಮುಂದುವರಿಸುವುದೋ ಕಳಿಸುವುದೋ ಅಂದು ತೀರ್ಮಾನ. ಸೀರಮ್ಮೇ ಬೇರೆ ಏನನ್ನೋ ತೋರಿಸುತ್ತಿರಬಹುದಾ ಎಂದು ಅವಳು ನನ್ನನ್ನು ಮೆಲ್ಲಗೆ ಕೇಳಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೆ. ಅಂದಮೇಲೆ ಪಾಪ ಎನಿಸಿತು, ಚೂರು ಕತ್ತರಿಸುವುದನ್ನು ಮೊದಲಿನಿಂದ ಕೈಹಿಡಿದು ಹೇಳಿಕೊಟ್ಟೆ. ನನಗೆ ಬೇಕಾದ ಹುಡುಗಿ ಅವಳು. ಮನೆಗೆ ಬಂದರೆ ಅತ್ತೆಗೆ ಸೂಜಿಗೆ ದಾರ ಪೋಣಿಸಿ ಕೊಟ್ಟು, ಡಬ್ಬಿ ತುಂಬ ಪೋಣಿಸಿದ ಸೂಜಿ ಇಟ್ಟೇ ಹೋಗುತ್ತಾಳೆ.

ಫೆಬ್ರವರಿ ೧೦, ಮಂಗಳವಾರ

ಫ್ರೀಜರ್ ಖಾಲಿ ಮಾಡಿದೆ. ತಳದಲ್ಲಿ ಮಂಜುಗಡ್ಡೆ ಕಟ್ಟಿದ ಮೂಲೆಯಲ್ಲಿ ಒಂದು ಟ್ಯೂಬು ಸಿಕ್ಕಿಕೊಂಡಿತ್ತು. ನೀರು ಹಾಕಿ ಬಿಡಿಸಿ ನೋಡಿದರೆ ನನ್ನದೇ ಅಕ್ಷರ. ಯಜಮಾನಿಯ ಮೊದಲ ರಕ್ತ.

ಯಾವ ಮೊಲಕ್ಕೇ ಆಗಲಿ, ಚುಚ್ಚುವ ಮೊದಲು ಸ್ವಲ್ಪ ರಕ್ತ ತೆಗೆದಿಡುವುದು ಈ ಕೆಲಸದ ಪದ್ಧತಿ. ಚುಚ್ಚಿದ ಮೇಲಿನ ರಕ್ತ ಹೊಳೆಯಬೇಕು, ಚುಚ್ಚುವ ಮೊದಲಿನದು ಕತ್ತಲಾಗಿರಬೇಕು. ಆಗಲೇ ಈ ಹೊಳಪು ನಾವು ಚುಚ್ಚಿದ್ದರಿಂದಲೇ ಬಂತು ಎಂದು ಹೇಳುವ ಹಕ್ಕು ಬರುವುದು. ಹಳೆಯ ಕಟ್ಟಡದಿಂದ ಇಲ್ಲಿಗೆ ಸಾಮಾನು ಸಾಗಿಸುವಾಗ ಈ ಟ್ಯೂಬು ಕಾಣೆಯಾಗಿತ್ತು. ಯಜಮಾನಿಯ ಜೊತೆಗೇ ಹುಟ್ಟಿದ ತಂಗಿ ಮೊಲದ ಮೊದಲ ರಕ್ತ ಇತ್ತು, ಅದನ್ನೇ ಹಾಕಿ ನೋಡಿದೆವು. ಕತ್ತಲಾಗಿತ್ತು. ಒಂದೇ ತಾಯಿಯ ಮಕ್ಕಳು, ಒಂದೇ ಬೋನು, ಒಂದೇ ಮೇವು, ಇನ್ನೇನು ವ್ಯತ್ಯಾಸ ಎಂದರು ಮೇಷ್ಟ್ರು. ಎಲ್ಲರೂ ಒಪ್ಪಿದರು.

ಟ್ಯೂಬಿನಲ್ಲಿರುವುದು ಕಿರುಬೆರಳ ಉಗುರಿನಷ್ಟು. ಗುರುವಾರ ಹಾಕಿ ನೋಡುತ್ತೇನೆ. ಅಕ್ಕ ತಂಗಿಯರ ಲೆಕ್ಕ ಒಮ್ಮೆಗೇ ಚುಕ್ತಾ ಆಗಲಿ, ಆ ಹುಡುಗಿಯ ಅನುಮಾನಕ್ಕೂ ಉತ್ತರ ಸಿಗಲಿ. ಬಹಳ ದಿನದ ಮೇಲೆ ಕೆಲಸದಲ್ಲಿ ಖುಷಿಯಾಯಿತು.

ಫೆಬ್ರವರಿ ೧೨, ಗುರುವಾರ

ಹೊಳೆಯಿತು.

ಫೆಬ್ರವರಿ ೧೩, ಶುಕ್ರವಾರ

ನಿನ್ನೆ ಬರೆಯಲು ಕೈ ಬರಲಿಲ್ಲ.

ಕತ್ತಲೆ ಕೋಣೆಯಲ್ಲಿ ಸ್ಲೈಡು ಇಟ್ಟು, ದೀಪ ಹಾಕಿ, ಕಣ್ಣಿಟ್ಟೆ. ಹಸಿರು. ಅದೇ ಕೋಶಗಳು, ಅದೇ ಪಟ್ಟಿ, ಅದೇ ಅಂಚು. ಇಷ್ಟು ವರ್ಷ ನೋಡಿದ ಮುಖ, ಕತ್ತಲಲ್ಲಿ ತೋರಿಸಿದರೂ ಗುರುತು ಹಿಡಿಯುತ್ತೇನೆ. ಸ್ಲೈಡು ಅದಲು ಬದಲಾಯಿತೇನೋ ಎಂದು ಗುರುತು ನೋಡಿದೆ. ಆಗಿರಲಿಲ್ಲ. ಬಣ್ಣ ತಾನಾಗಿಯೇ ಅಂಟಿತೇನೋ ಎಂದು ಬರೀ ಬಣ್ಣ ಹಾಕಿದ ಸ್ಲೈಡು ನೋಡಿದೆ. ಬಾವಿಯ ಹಾಗೆ ಕತ್ತಲು.

ಹಾಗಾದರೆ ನಾವು ಏನನ್ನೂ ಚುಚ್ಚುವ ಮೊದಲೇ ಯಜಮಾನಿಯ ರಕ್ತದಲ್ಲಿ ಇದು ಇತ್ತು. ಮೇವಿನಲ್ಲೋ ಧೂಳಿನಲ್ಲೋ ಏನೋ ತಗುಲಿ ಅದರ ಮೈ ಇನ್ಯಾವುದೋ ಪ್ರತಿಕಾಯ ಮಾಡಿಕೊಂಡಿತ್ತು. ಅದು ಇಲಿಯ ಮೂಗಿನ ಇನ್ಯಾವುದೋ ಪ್ರೋಟೀನಿಗೆ ಅಂಟುತ್ತಿದೆ. ನಾವು ಗ್ರಾಹಕವನ್ನು ನೋಡಲೇ ಇಲ್ಲ. ನಾನು, ಮೇಷ್ಟ್ರು, ನಾನು ಕಳಿಸಿಕೊಟ್ಟ ಅಷ್ಟೂ ಲ್ಯಾಬುಗಳು, ಯಾರೂ ನೋಡಲಿಲ್ಲ. ಇರುವೆಯ ಕೆಂಪು ಒಂದೇ ನಿಜ.

ನನ್ನ ಬದುಕಿನಲ್ಲಿ ನನ್ನದು ಎನ್ನಲು ಇದ್ದದ್ದು ಆ ಹಸಿರೊಂದೇ. ಮಕ್ಕಳಾಗಲಿಲ್ಲ, ಪದವಿ ಮುಗಿಸಲಿಲ್ಲ, ಯಾರಾದರೂ ಕೇಳಿದರೆ ಯಜಮಾನಿಯ ಸೀರಮ್ ಮಾಡಿದವಳು ಎನ್ನುತ್ತಿದ್ದೆ. ಈಗ ಏನೆನ್ನಲಿ?

ಒಂದು ಸಲದ ಫಲಿತಾಂಶ ಫಲಿತಾಂಶವೇ ಅಲ್ಲ ಎಂದು ಎಲ್ಲರಿಗೂ ಕಲಿಸಿದವಳು ನಾನು. ಮೂರು ಸಲ ಬಂದರೆ ಮಾತ್ರ ಬಾಯಿ ಬಿಡಬೇಕು. ಅದಕ್ಕೇ ಫೋಟೋ ಕೂಡ ತೆಗೆಯಲಿಲ್ಲ. ಇನ್ನೆರಡು ಸಲ ಮಾಡಿ, ಆಮೇಲೆ ಮೇಷ್ಟ್ರಿಗೆ ಹೇಳುತ್ತೇನೆ. ೨೭ರೊಳಗೆ ಆಗುತ್ತದೆ.

ಫೆಬ್ರವರಿ ೧೭, ಮಂಗಳವಾರ

ಎರಡನೆಯ ಸಲ. ಹಸಿರು.

ನೋಡುತ್ತಿರುವಾಗಲೇ ಇರುವೆ ಬಾಗಿಲು ತಟ್ಟಿದಳು. ದೀಪ ಆರಿಸಿ, ಪರದೆಯನ್ನು ಕಪ್ಪು ಮಾಡಿ, ಬಾ ಎಂದೆ. ಬೇರೆ ಏನೂ ಅಲ್ಲ, ಹೆಚ್ಚು ಹೊತ್ತು ಬೆಳಕು ಬಿದ್ದರೆ ಹಸಿರು ಮಾಸಿಹೋಗುತ್ತದೆ. ಅವಳಿಗೆ ಬೇಕಾಗಿದ್ದದ್ದು ಗಾಜಿನ ಮುಚ್ಚಳಗಳ ಡಬ್ಬಿ. ಕಣ್ಣು ಊದಿತ್ತು. ಊಟ ಆಯಿತೇ ಎಂದು ಕೇಳಿದೆ. ಆಯಿತು ಎಂದಳು, ಆಗಿರಲಿಲ್ಲ.

ನನಗೂ ಊಟ ಸೇರುತ್ತಿಲ್ಲ. ಅನ್ನ ಕಲಸುತ್ತೇನೆ, ತಟ್ಟೆಯಲ್ಲೇ ಗುಡ್ಡೆ ಮಾಡಿ ಏಳುತ್ತೇನೆ. ಅತ್ತೆ ನೋಡುತ್ತಾರೆ.

ಫೆಬ್ರವರಿ ೨೦, ಶುಕ್ರವಾರ

ಇವರು ಊಟದ ಹೊತ್ತಿನಲ್ಲಿ ಕೆಲಸದ ಸುದ್ದಿ ತೆಗೆದರು. ತೂಕ ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಅವರು, ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವುದು ಕೆಲಸ. ಒಂದು ಅಂಗಡಿಯಲ್ಲಿ ತಟ್ಟೆ ಖಾಲಿ ಇದ್ದರೂ ಮುಳ್ಳು ತೂಕ ತೋರಿಸುತ್ತಿತ್ತಂತೆ. ಅಂಗಡಿಯವನಿಗೆ ಗೊತ್ತೇ ಇರಲಿಲ್ಲವಂತೆ, ಖಾಲಿ ತಟ್ಟೆಯನ್ನು ಯಾರು ತೂಗುತ್ತಾರೆ ಸ್ವಾಮಿ ಎಂದನಂತೆ. ಇವರು ಹೇಳಿ ನಕ್ಕರು.

ನನಗೆ ಎಲ್ಲಿಂದ ಅಷ್ಟು ಸಿಟ್ಟು ಬಂತೋ. ಊಟದ ಹೊತ್ತಿಗೂ ಊರಿನ ಕಳ್ಳರ ಪುರಾಣ ಬೇಕಾ ಎಂದು ತಟ್ಟೆ ತಳ್ಳಿ ಎದ್ದೆ. ಕುಂಬಳಕಾಯಿ ಕಳ್ಳ ಎಂದರೆ ನೀನ್ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀಯ ಎಂದು ಇವರು ತಮಾಷೆ ಮಾಡಿದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನೀರಿನ ಸದ್ದಿಗೆ ಯಾರಿಗೂ ಕೇಳಿಸಿರಲಾರದು.

ಆಮೇಲೆ ಕೇಳಿದೆ, ಅವನನ್ನು ಏನು ಮಾಡಿದಿರಿ ಎಂದು. ತಕ್ಕಡಿಗೆ ಮೊಹರು ಹಾಕಿ ಬಂದೆ, ಅವನಿಗೇನು ಮಾಡಲಿ, ಹೇಳಿದ ತಕ್ಷಣ ಅವನೇ ಎತ್ತಿ ಕೆಳಗಿಟ್ಟ ಎಂದರು.

ಫೆಬ್ರವರಿ ೨೩, ಸೋಮವಾರ

ಮೂರನೆಯ ಸಲ. ಅದೇ.

ಮೇಷ್ಟ್ರ ಕೋಣೆಗೆ ಹೋದೆ. ಹೇಳಿಯೇಬಿಡಬೇಕೆಂದು ಹೋದೆ. ಅವರು ಫೋನಿನಲ್ಲಿದ್ದರು, ಕೂರಿ ಎಂದು ಕೈ ತೋರಿಸಿದರು. ಆ ಕಡೆ ಯಾರೋ ದೊಡ್ಡ ಮನುಷ್ಯರು. ಮೇಷ್ಟ್ರು ನಮ್ಮ ಸೀರಮ್ಮಿನ ಬಗ್ಗೆಯೇ ಹೇಳುತ್ತಿದ್ದರು. ಫೋನಿಟ್ಟು, ಮೂಗಿನ ರೋಗಿಗಳ ಮೇಲೆ ಕೆಲಸ ಮಾಡುವವರು, ಅವರಿಗೂ ಎರಡು ಟ್ಯೂಬು ಕಳಿಸಬೇಕು ಎಂದರು. ನಾನು ಕೂತೇ ಇದ್ದೆ. "ನಿಮ್ಮ ಮುಖ ಯಾಕೆ ಹಂಗಾಗಿದೆ? ನೀವು ಮಲಗಿದ್ರೆ ಈ ಲ್ಯಾಬೇ ಮಲಗುತ್ತೆ ನೋಡಿ" ಎಂದರು. ಇಷ್ಟು ವರ್ಷದಲ್ಲಿ ಅಂಥ ಒಳ್ಳೆಯ ಮಾತು ಅವರ ಬಾಯಲ್ಲಿ ಕೇಳಿರಲಿಲ್ಲ. ಹೊಸ ಫ್ರೀಜರ್ ಯಾವಾಗ ಬರುತ್ತದೆ ಎಂದು ಕೇಳಿ ಎದ್ದು ಬಂದೆ.

ಕೂತು ಯೋಚಿಸಿದಾಗ ಹೊಳೆಯಿತು. ಮೂರು ಸಲವೂ ನಾನು ಬಳಸಿದ್ದು ಒಂದೇ ಇಲಿಯ ಮೂಗಿನ ಚೂರುಗಳನ್ನು. ಆ ಇಲಿಯಲ್ಲೇ ಏನಾದರೂ ದೋಷವಿದ್ದರೆ? ಅದನ್ನು ಮೂರು ಸಲ ಎನ್ನಲಾಗದು, ಒಂದೇ ಸಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇನ್ನೊಂದು ಇಲಿಯಲ್ಲಿ ಮಾಡಲೇಬೇಕು. ಚೂರು ಕತ್ತರಿಸಿ ಒಣಗಿಸಿ ಸಿದ್ಧಮಾಡಲು ಸಮಯ ಬೇಕು, ೨೭ರೊಳಗೆ ಆಗುವ ಮಾತಲ್ಲ. ಅರ್ಧಂಬರ್ಧ ತಿಳಿದುಕೊಂಡು ಒಂದು ಲ್ಯಾಬಿನ ಮಾನ ತೆಗೆಯುವುದಕ್ಕಿಂತ ಸ್ವಲ್ಪ ತಡವಾದರೂ ಸರಿಯಾಗಿ ಹೇಳುವುದು ಮೇಲು. ಇದು ಹೊಳೆದ ಮೇಲೆ ಎದೆಯ ಬಡಿತ ಸ್ವಲ್ಪ ಇಳಿಯಿತು.

ಫೆಬ್ರವರಿ ೨೬, ಗುರುವಾರ

ಇರುವೆ ಮನೆಗೆ ಬಂದಿದ್ದಳು. ಅತ್ತೆಯೇ ಹೇಳಿಕಳಿಸಿದ್ದರಂತೆ, ನನ್ನನ್ನು ಕೇಳದೆ. ಸೂಜಿಗಳಿಗೆಲ್ಲ ದಾರ ಪೋಣಿಸಿ ಡಬ್ಬಿಗಿಟ್ಟಳು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ದಾರದ ತುದಿಯನ್ನು ಒದ್ದೆ ಕೂಡ ಮಾಡುವುದಿಲ್ಲ, ಒಂದೇ ಸಲಕ್ಕೆ ಒಳಗೆ.

ಊಟವಾದ ಮೇಲೆ ಹೊರಗೆ ಮೆಟ್ಟಿಲ ಮೇಲೆ ಕೂತೆವು. ನಾಳೆ ಸಮಿತಿಯ ಮುಂದೆ ಏನೇನು ಹೇಳಬೇಕೆಂದು ಒಪ್ಪಿಸಿದಳು, ನಾನು ತಿದ್ದಿದೆ.

"ಅಕ್ಕಾ, ಒಂದು ಮಾತು ಕೇಳ್ತೀನಿ. ಮೇಷ್ಟ್ರು ಹೇಳೋದು ಬಿಡಿ, ಅವರು ಬೆಂಚಿನ ಹತ್ರ ಬಂದು ಎಷ್ಟು ಕಾಲ ಆಯ್ತು. ನೀವು ನೋಡಿದ್ದೀರಲ್ಲ. ನನ್ನ ಕೈ ನಿಜವಾಗ್ಲೂ ಅಷ್ಟು ಕೆಟ್ಟದಾ?"

ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹೇಳಿದರೆ ಇವಳು ನಾಳೆ ಸಮಿತಿಯ ಮುಂದೆ ಅದನ್ನೇ ಹೇಳುತ್ತಾಳೆ, ಪುರಾವೆ ಎಲ್ಲಿ ಎಂದು ಅವರು ಕೇಳುತ್ತಾರೆ, ಇನ್ನೊಂದು ಇಲಿಯಲ್ಲಿ ನೋಡಿಲ್ಲ, ಅವಳಿಗೇ ಅವಮಾನ.

"ಕೆಟ್ಟದು ಅಂತಲ್ಲ ಕಣೇ, ಇನ್ನೂ ಪಳಗಬೇಕು" ಎಂದೆ.

ತಲೆಯಾಡಿಸಿದಳು. ಅದನ್ನೇ ಕಾಯುತ್ತಿದ್ದವಳ ಹಾಗೆ, ಹೂಂ ಎಂದು ಎರಡು ಸಲ ತಲೆಯಾಡಿಸಿದಳು. ನಾನು ಸುಳ್ಳು ಹೇಳಲಿಲ್ಲ. ಪೂರ್ತಿ ಪಳಗಿದ ಕೈ ಯಾವುದಿದೆ, ನನ್ನದೂ ಇನ್ನೂ ಪಳಗಬೇಕು.

ಫೆಬ್ರವರಿ ೨೭, ಶುಕ್ರವಾರ

ಸಮಿತಿಯವರು ನನ್ನನ್ನೂ ಒಳಗೆ ಕರೆದರು. ನೀವು ದಿನಾ ನೋಡುವವರು, ಹೇಳಿ ಎಂದರು. ಮೇಷ್ಟ್ರು ಆಗಲೇ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹುಡುಗಿ, ತಪ್ಪು ಒಪ್ಪುವುದಿಲ್ಲ ಎಂದು ಹೇಳಿಯಾಗಿತ್ತು. ನಾನು, ತುಂಬ ಶ್ರಮಪಡುತ್ತಾಳೆ ಎಂದೆ. ಕೈ ಹೇಗೆ ಎಂದು ಒಬ್ಬರು ಕೇಳಿದರು. ನಿನ್ನೆ ಅವಳಿಗೆ ಹೇಳಿದ್ದನ್ನೇ ಹೇಳಿದೆ. ಅವಳಿಗೊಂದು, ಇವರಿಗೊಂದು ಹೇಳುವುದು ನನಗಾಗದು.

ಅವಳನ್ನು ಕೈಬಿಟ್ಟರು.

ಮಾರ್ಚ್ ೧, ಭಾನುವಾರ

ಏನೂ ಬೇಡ. ಮಲಗಿಯೇ ಇದ್ದೆ.

ಮಾರ್ಚ್ ೬, ಶುಕ್ರವಾರ

ಇರುವೆ ತನ್ನ ಮೇಜು ಖಾಲಿ ಮಾಡಿದಳು. ಸ್ಲೈಡುಗಳನ್ನೆಲ್ಲ ಒರೆಸಿ, ಸಾಲಾಗಿ ಪೆಟ್ಟಿಗೆಯಲ್ಲಿ ಜೋಡಿಸಿ, ನನ್ನ ಕೈಗೇ ಕೊಟ್ಟಳು. ಮೇಷ್ಟ್ರಿಗೆ ಕೊಟ್ಟರೆ ಬಿಸಾಡುತ್ತಾರೆ, ನೀವಾದರೆ ಇಟ್ಟುಕೊಳ್ಳುತ್ತೀರಿ ಎಂದಳು. ಅಳಲಿಲ್ಲ. ನನ್ನಿಂದ ನಿಮ್ಮ ಸೀರಮ್ ಎಷ್ಟೊಂದು ಹಾಳಾಯಿತಲ್ಲ ಅಕ್ಕಾ, ಅದಕ್ಕೊಂದು ಬೇಜಾರು ಎಂದಳು. ಪೆಟ್ಟಿಗೆಯನ್ನು ನನ್ನ ಮೇಜಿನ ಕೆಳಗಿಟ್ಟೆ.

ಬಾಗಿಲವರೆಗೆ ಹೋಗಿ ಕಳಿಸಿ ಬಂದೆ. ಬಸ್ ನಿಲ್ದಾಣದ ಕಡೆಗೆ ಗೋಡೆಯಂಚಿನಲ್ಲೇ ನಡೆದು ಹೋದಳು. ಆಗ ಓಡಿ ಹೋಗಿ ಹೇಳಬಹುದಿತ್ತು. ರಸ್ತೆಯಲ್ಲಿ ನಿಂತು ಹೇಳುವಂಥ ವಿಷಯವೇ ಅದು? ಯಾರ ಮೇಲೂ ಅಲ್ಲ, ನನ್ನ ಮೇಲೆ ನನಗೆ ಹೇಸಿಗೆಯಾಗಿದೆ. ಈ ಹೇಸಿಗೆಯನ್ನು ಇಟ್ಟುಕೊಂಡು ಎಲ್ಲಿಗೆ ಹೋಗಲಿ ಎಂದು ತಿಳಿಯುತ್ತಿಲ್ಲ. ಇನ್ನೊಂದು ಇಲಿಯ ಚೂರುಗಳು ಒಣಗುತ್ತಿವೆ.

ಮಾರ್ಚ್ ೧೩, ಶುಕ್ರವಾರ

ಹೊಸ ಇಲಿಯಲ್ಲಿ ಮಾಡಿದೆ. ಹಸಿರು. ಸಂದೇಹವಿಲ್ಲ.

ಹಳೆಯ ಸ್ಲೈಡುಗಳನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆಯೋಣವೆಂದು ನೋಡಿದರೆ ಅವು ಮಾಸಿಹೋಗಿವೆ. ಹಸಿರೆಂದರೆ ಹಸಿರು, ಇಲ್ಲವೆಂದರೆ ಇಲ್ಲ. ಇವತ್ತಿನ ಸ್ಲೈಡಿನ ಫೋಟೋ ಕೂಡ ಬೆಳಕು ಸರಿಹೊಂದಿಸುವಷ್ಟರಲ್ಲಿ ತೆಳುವಾಗಿ ಬಂತು. ಬೇರೆಯವರಿಗೆ ತೋರಿಸುವಂತಿಲ್ಲ. ಇನ್ನೊಮ್ಮೆ ಚೆನ್ನಾಗಿ ಮಾಡಿ, ಒಳ್ಳೆಯ ಫೋಟೋ ತೆಗೆದು, ಎಲ್ಲವನ್ನೂ ಒಟ್ಟಿಗೆ ಮೇಷ್ಟ್ರ ಮುಂದಿಡುತ್ತೇನೆ. ಟ್ಯೂಬಿನಲ್ಲಿ ಇನ್ನೊಂದು ಸಲಕ್ಕೆ ಆಗುವಷ್ಟಿದೆ.

ಮಾರ್ಚ್ ೨೦, ಶುಕ್ರವಾರ

ಸಾಲಲಿಲ್ಲ. ತಳದಲ್ಲಿದ್ದದ್ದನ್ನು ನೀರು ಬೆರೆಸಿ ಹಾಕಿದೆ, ಮಂಕಾಗಿ ಬಂತು. ಹೊಳೆದಿದೆ ಎಂದರೆ ಹೊಳೆದಿದೆ, ಇಲ್ಲ ಎನ್ನುವವನು ಇಲ್ಲ ಎನ್ನಬಹುದು.

ಖಾಲಿ ಟ್ಯೂಬನ್ನು ತೊಳೆಯುವ ಬುಟ್ಟಿಗೆ ಹಾಕಿದೆ. ಹೊಸ ಫ್ರೀಜರ್ ಬಂದಿದೆ. ಸದ್ದೇ ಇಲ್ಲ, ಬಾಗಿಲ ಮೇಲೆ ಅಂಕಿ ತೋರಿಸುತ್ತದೆ.

ನಿಜವಾಗಿ ತೀರ್ಮಾನವಾಗಬೇಕಾದರೆ ಆ ಗ್ರಾಹಕವೇ ಇಲ್ಲದ ತಳಿಯ ಇಲಿ ಬೇಕು. ಅದರ ಮೂಗಿನಲ್ಲೂ ಹಸಿರು ಬಂದರೆ ಆಗ ಯಾರೂ ಎದುರು ಮಾತಾಡುವ ಹಾಗಿಲ್ಲ. ತರಿಸಿ, ಸಾಕಿ, ಮರಿ ಮಾಡಿಸಿ ನೋಡಲು ಬಹಳ ಕಾಲ ಬೇಕು. ಸಮಯ ನೋಡಿ ಮೇಷ್ಟ್ರಿಗೆ ಸೂಚಿಸಬೇಕು. ಕಾರಣ ಕೇಳಿದರೆ ಏನಾದರೂ ಹೇಳಿದರಾಯಿತು.

ಏಪ್ರಿಲ್ ೨, ಗುರುವಾರ

ಇರುವೆಯ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಎಲ್ಲೋ ಪಾಠ ಹೇಳುತ್ತಿದ್ದವಳು, ಎರಡು ಮಕ್ಕಳ ತಾಯಿ, ವಯಸ್ಸಿನಲ್ಲಿ ನನಗೆ ತಂಗಿಯಂತಿದ್ದಾಳೆ. ಚೂರು ಕತ್ತರಿಸುವುದು, ಸೀರಮ್ ಹಾಕುವುದು ಎಲ್ಲ ಹೇಳಿಕೊಟ್ಟೆ. ಮೊದಲ ಸಲಕ್ಕೇ ಚೊಕ್ಕವಾಗಿ ಹಸಿರು ಬಂತು. ಮೇಷ್ಟ್ರು ಬಂದು ನೋಡಿ, ಕೈ ಅಂದರೆ ಇದು ಎಂದರು. ನಾನೂ ಹೌದು ಎಂದೆ, ಹಸಿರು ಬಂದದ್ದಂತೂ ನಿಜವೇ.

ಆ ಇಲಿಯ ತಳಿಯ ವಿಷಯ ಎತ್ತಲು ಹೋದೆ. ಈಗ ಯಾಕೆ ಅದೆಲ್ಲ ಎಂದರು. ಹೌದು, ಈಗ ಯಾಕೆ.

ಅತ್ತೆ ದಾರ ಪೋಣಿಸಲು ನನ್ನ ಕೈಗೆ ಸೂಜಿ ಕೊಟ್ಟರು. ಕಣ್ಣು ಕಾಣಲಿಲ್ಲ. ಆ ಹುಡುಗಿ ಯಾಕೆ ಬರುವುದಿಲ್ಲ ಎಂದರು. ಬೇರೆ ಕೆಲಸ ಸಿಕ್ಕಿತು ಎಂದೆ. ಅವಳಿಗೆ ಇನ್ನೂ ಸಿಕ್ಕಿಲ್ಲ, ಆದರೆ ಸಿಗುತ್ತದೆ ಎಂದು ನನಗೆ ಗೊತ್ತು.

ಏಪ್ರಿಲ್ ೨೧, ಮಂಗಳವಾರ

ರೋಗಿಗಳ ಮೇಲೆ ಕೆಲಸ ಮಾಡುವವರಿಗೆ ಎರಡು ಟ್ಯೂಬು ಮಂಜುಗಡ್ಡೆಯಲ್ಲಿಟ್ಟು ಕಳಿಸಿದೆ. ಹೇಗೆ ಬಳಸಬೇಕೆಂದು ಎಂದಿನಂತೆ ಬರೆದಿಟ್ಟೆ. ಪೆಟ್ಟಿಗೆಯ ಮೇಲಿನ ವಿಳಾಸವನ್ನು ಎರಡು ಸಲ ತಪ್ಪಾಗಿ ಬರೆದೆ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ನೆಗಡಿ ಬಂತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ. ಮೊದಲ ರಕ್ತದಲ್ಲಿ ಸ್ವಲ್ಪ ಇತ್ತೆಂದರೆ ಆಮೇಲಿನ ರಕ್ತದಲ್ಲಿ ಗ್ರಾಹಕದ್ದು ಇಲ್ಲವೇ ಇಲ್ಲ ಎಂದಲ್ಲ. ಎರಡೂ ಇರಬಹುದು.

ಮೇ ೮, ಶುಕ್ರವಾರ

ಬರೆಯಲು ಏನೂ ಇಲ್ಲ. ಕೆಲಸ ನಡೆಯುತ್ತಿದೆ. ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ಒಂದು ಕಲ್ಲು ಇರುತ್ತದೆ, ಮುಖ ತೊಳೆದರೂ ಇಳಿಯುವುದಿಲ್ಲ. ಡಾಕ್ಟರಿಗೆ ತೋರಿಸು ಎಂದು ಇವರು ಅನ್ನುತ್ತಿದ್ದಾರೆ. ಡಾಕ್ಟರು ಏನು ಮಾಡುತ್ತಾರೆ. ಸಾಯುವಷ್ಟು ಬೇಸರವಿದೆ, ಸಾಯುವಂಥದ್ದೇನೂ ಆಗಿಲ್ಲ.

ಜೂನ್ ೧೨, ಶುಕ್ರವಾರ

ಮಧ್ಯಾಹ್ನ ಇರುವೆಯ ಫೋನು. ಹೆಸರು ನೋಡಿ ಕೈಯಲ್ಲೇ ಹಿಡಿದುಕೊಂಡು ನಿಂತೆ. ನಿಂತಿತು. ಮತ್ತೆ ಬಡಿದುಕೊಂಡಿತು. ಎತ್ತಿದೆ.

ಹಾಲಿನ ಡೇರಿಯೊಂದರಲ್ಲಿ ಕೆಲಸವಂತೆ, ಬಂದ ಹಾಲನ್ನು ಪರೀಕ್ಷೆ ಮಾಡುವುದು. ಜನ ಒಳ್ಳೆಯವರು, ಕೋಣೆ ಸಣ್ಣದು, ಚಹಾ ಕೆಟ್ಟದು ಎಂದು ನಕ್ಕಳು. ಅತ್ತೆಯನ್ನು ಕೇಳಿದಳು, ಇವರನ್ನು ಕೇಳಿದಳು, ಸೂಜಿಗೆ ಈಗ ಯಾರು ದಾರ ಪೋಣಿಸುತ್ತಾರೆ ಎಂದು ಕೇಳಿದಳು. ಅವಳ ದನಿಯಲ್ಲಿ ಎಲ್ಲೂ ಕಹಿಯಿರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು.

ಕೆಲಸ ಹೇಗೆ ಹೋಗುತ್ತಿದೆ ಎಂದು ಕೇಳಿದೆ.

"ಪರವಾಗಿಲ್ಲ ಅಕ್ಕಾ. ಸೇರಿದ ದಿನಾನೇ ಹೇಳಿಬಿಟ್ಟೆ, ನನ್ನ ಕೈ ಅಷ್ಟು ನಂಬೋ ಹಂಗಿಲ್ಲ, ನಾನು ಮಾಡಿದ್ದನ್ನ ಇನ್ನೊಬ್ರು ನೋಡ್ಲಿ ಅಂತ. ಪಾಪ, ನನ್ನ ಪಕ್ಕದವರು ಎಲ್ಲಾನೂ ಇನ್ನೊಂದು ಸಲ ಮಾಡ್ತಾರೆ. ಮೊದಲೇ ಹೇಳಿಬಿಟ್ರೆ ಆಮೇಲೆ ನಾಚಿಕೆ ಇರಲ್ಲ ನೋಡಿ."

ಕಿಟಕಿಯ ಕಂಬಿ ಹಿಡಿದುಕೊಂಡೆ. ಆಮೇಲೆ ಹೇಗೆ ಬಂತೋ, ಬಾಯಿಗೆ ಬಂತು.

"ನಿನ್ನ ಕೈ ಸರಿಯಾಗೇ ಇತ್ತು ಕಣೇ. ನನ್ನ ಸೀರಮ್ಮೇ ಸರಿ ಇರಲಿಲ್ಲ."

ಆ ಕಡೆ ಮೂಗು ಒರೆಸಿಕೊಂಡ ಸದ್ದು, ಒಂದು ಸಣ್ಣ ನಗು.

"ನನ್ನ ಸಮಾಧಾನಕ್ಕೆ ನಿಮ್ಮ ಯಜಮಾನಿನೇ ಬಿಟ್ಟುಕೊಡ್ತೀರಲ್ಲ ಅಕ್ಕಾ. ನಿಮ್ಮಂಥೋರು ಒಬ್ರು ಇದ್ರೆ ಸಾಕು."

ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲಿ ಅವಳನ್ನು ಯಾರೋ ಕರೆದರು, ಹಾಲಿನ ಲಾರಿ ಬಂದಿತ್ತು. ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಇಟ್ಟಳು.

ಅಂತೂ ಹೇಳಿಬಿಟ್ಟೆ. ಬಿಡಿಸಿ, ನೇರವಾಗಿ, ಕನ್ನಡದಲ್ಲಿ ಹೇಳಿದ್ದೇನೆ. ನಂಬುವುದು ಬಿಡುವುದು ಅವಳಿಗೆ ಸೇರಿದ್ದು. ಇಷ್ಟು ದಿನ ಇದಕ್ಕೆ ಯಾಕೆ ಇಷ್ಟೊಂದು ಒದ್ದಾಡಿದೆನೋ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿದೆ. ಸಂಜೆ ಎರಡನೆಯ ಸಲ ಅನ್ನ ಬಡಿಸಿಕೊಂಡೆ, ಅತ್ತೆ ನನ್ನ ಮುಖವನ್ನೇ ನೋಡಿದರು. ನಾಳೆ ಹೊಸಬಳಿಗೆ ಯಜಮಾನಿಯ ಇನ್ನೊಂದು ಟ್ಯೂಬು ತೆಗೆದುಕೊಡಬೇಕು.